ಮನಸ್ಸು ಕೇಳುವ ಮೊದಲು ಲೆಕ್ಕ ಕೇಳು

ಮಗಳೇ,

ಕೃಷಿ ಪದವಿ ಮುಗಿಸಿ ಮಂಗಳೂರಿನಲ್ಲೇ ಕೆಲಸಕ್ಕೆ ಸೇರಿದ್ದೀ. ಬಂಟ್ವಾಳ, ಪುತ್ತೂರು, ಬೆಳ್ತಂಗಡಿ ಎಂದು ಊರೂರು ತಿರುಗುತ್ತೀ. ಬೆಳಿಗ್ಗೆ ಬಸ್ಸು ಹತ್ತುವಾಗ ಇದ್ದ ಹುರುಪು ಸಂಜೆ ಮನೆಗೆ ಬರುವಾಗ ಇರುವುದಿಲ್ಲ ಎಂದು ನಿನ್ನ ಅಪ್ಪ ಹೇಳಿದ. “ಮಣ್ಣು ಉಳಿಸಿ, ನೀರು ಉಳಿಸಿ, ವಿಷ ಕಡಿಮೆ ಮಾಡಿ ಅಂತ ಎಷ್ಟು ಹೇಳಿದರೂ ರೈತರಿಗೆ ಮನಸ್ಸೇ ಇಲ್ಲ ದೊಡ್ಡಪ್ಪಾ” ಎಂದು ನೀನೂ ನನ್ನ ಹತ್ತಿರ ಹೇಳಿದ್ದುಂಟು. ಅಂದು ಊಟದ ಗಡಿಬಿಡಿಯಲ್ಲಿ ಮಾತು ಅರ್ಧಕ್ಕೇ ನಿಂತಿತು. ಉಳಿದದ್ದನ್ನು ಸಾವಧಾನವಾಗಿ ಬರೆಯುತ್ತಿದ್ದೇನೆ. ನಿನ್ನ ಹಾಗೆ ಉತ್ಸಾಹದಿಂದ ಹಳ್ಳಿಗೆ ಹೋಗುವ ಬೇರೆ ಮಕ್ಕಳಿಗೂ ಇದು ಪ್ರಯೋಜನಕ್ಕೆ ಬಂದರೆ ಸಂತೋಷ.

ನಾನು ಹೇಳಬೇಕೆಂದಿರುವುದು ಒಂದೇ ಮಾತು. ರೈತನಿಗೆ ಮನಸ್ಸಿದೆಯೇ ಎಂದು ಕೇಳುವ ಮೊದಲು, ಹೊಸ ಪದ್ಧತಿ ಕೈಕೊಟ್ಟರೆ ಆ ನಷ್ಟ ಯಾರ ತಲೆಗೆ ಎಂದು ಕೇಳು. ಇದಕ್ಕೆ ನ್ಯಾಯವಾದ ಉತ್ತರ ಸಿಕ್ಕಿದ ಕಡೆಯಲ್ಲೆಲ್ಲ ನಮ್ಮ ಜಿಲ್ಲೆಯ ರೈತರು ಹೊಸತನ್ನು ಒಪ್ಪಿಕೊಂಡಿದ್ದಾರೆ. ಸಿಗದ ಕಡೆ ಎಷ್ಟು ತರಬೇತಿ ಕೊಟ್ಟರೂ ಚಹಾ ಕುಡಿದು, ಕೈಮುಗಿದು, ಮನೆಗೆ ಹೋಗಿದ್ದಾರೆ.

ಹೊಸತನ್ನು ಒಪ್ಪದವರು ನಮ್ಮವರು ಎಂಬ ಮಾತನ್ನು ಮೊದಲು ತಲೆಯಿಂದ ತೆಗೆ. ಕಾರ್ಬನ್ ಫೈಬರ್ ದೋಟಿಯನ್ನೇ ನೋಡು. ಅಡಿಕೆ ಮರ ಹತ್ತುವವರು ಸಿಗದೆ ತೋಟ ಮಾಡುವುದೇ ಸಾಕು ಅನ್ನಿಸಿದ್ದ ಕಾಲಕ್ಕೆ ಆ ದೋಟಿ ಬಂತು. ನೆಲದಲ್ಲಿ ನಿಂತೇ ಕೊಯ್ಲು ಮಾಡಬಹುದು, ಮದ್ದು ಬಿಡಬಹುದು ಎಂದು ಕಂಡ ಕೂಡಲೇ ನಾಲ್ಕೈದು ವರ್ಷದೊಳಗೆ ಅದು ಪುತ್ತೂರು, ಸುಳ್ಯ, ಬಂಟ್ವಾಳದ ತೋಟಗಳಿಗೆಲ್ಲ ಹರಡಿತು. ಅಗ್ಗದ ಸಾಮಾನಲ್ಲ ಅದು, ಒಂದಕ್ಕೆ ಹತ್ತಾರು ಸಾವಿರ ರೂಪಾಯಿ. ಆದರೂ ಸಣ್ಣ ತೋಟದವರೂ ಕೊಂಡರು. ಕೊಳ್ಳಲಾಗದವರು ದೋಟಿ ಇರುವ ಹುಡುಗರನ್ನು ಕರೆಸಿ ಕೆಲಸ ಮಾಡಿಸಿದರು. ‘ಪ್ರಗತಿಪರ ರೈತ’ ಎಂದು ಯಾರೂ ಅವರಿಗೆ ಶಾಲು ಹೊದಿಸಲಿಲ್ಲ. ಹೊದಿಸಬೇಕಾದ ಅಗತ್ಯವೂ ಇರಲಿಲ್ಲ.

ಇನ್ನೂ ಹಿಂದಕ್ಕೆ ಹೋಗು. ಮಳೆಗಾಲದಲ್ಲಿ ಎಳೆ ಅಡಿಕೆ ಕೊಳೆತು ಉದುರುವ ಕೊಳೆರೋಗ ಮಲೆನಾಡಿನಿಂದ ಕರಾವಳಿಯವರೆಗೆ ತೋಟದವರನ್ನು ಅಳಿಸುತ್ತಿತ್ತು. ಗೊನೆಗೆ ಕೊಟ್ಟೆ ಕಟ್ಟಿ ಮಳೆನೀರು ತಾಗದ ಹಾಗೆ ನೋಡಿಕೊಳ್ಳುವುದು ಹಳಬರ ಉಪಾಯ. ಕೆನಡಾದಿಂದ ಮೈಸೂರು ಸಂಸ್ಥಾನಕ್ಕೆ ಬಂದಿದ್ದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಈ ರೋಗದ ಶಿಲೀಂಧ್ರವನ್ನು ಗುರುತಿಸಿ 1910ರಲ್ಲಿ ವರದಿ ಬರೆದರು. ಬೋರ್ಡೋ ದ್ರಾವಣ ಸಿಂಪಡಿಸಿದರೆ ರೋಗ ಹತೋಟಿಗೆ ಬರುತ್ತದೆ ಎಂದು ತೋಟದಲ್ಲೇ ತೋರಿಸಿದರು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಈ ಲೆಕ್ಕ ಇಂದು ಅಕ್ಷರ ಬಾರದ ತೋಟದ ಕೆಲಸಗಾರರಿಗೂ ಬಾಯಿಪಾಠ. ಪಂಪು, ಡ್ರಮ್ಮು, ಮರ ಹತ್ತುವ ಆಳು ಎಲ್ಲ ಹೊಂದಿಸಿಕೊಂಡು, ಜಡಿಮಳೆಯ ನಡುವೆ ಬಿಸಿಲು ಇಣುಕುವ ಹೊತ್ತು ಹಿಡಿದು ಮಾಡಬೇಕಾದ ಕಷ್ಟದ ಕೆಲಸ ಅದು. ಆದರೂ ಒಂದು ಶತಮಾನದಿಂದ ಬಿಡದೆ ಮಾಡುತ್ತಿದ್ದಾರೆ.

ಇವೆರಡೂ ಯಾಕೆ ಹರಡಿದವು ಎಂದು ಯೋಚಿಸು. ಹತ್ತು ಮರಕ್ಕೆ ಮದ್ದು ಬಿಟ್ಟು, ಪಕ್ಕದ ಹತ್ತು ಮರ ಹಾಗೇ ಬಿಟ್ಟರೆ ಆ ಮಳೆಗಾಲ ಮುಗಿಯುವ ಮೊದಲೇ ವ್ಯತ್ಯಾಸ ಕಾಣುತ್ತದೆ. ಸೋತರೆ ಹೋಗುವುದು ಹತ್ತು ಮರದ ಖರ್ಚು ಮಾತ್ರ. ನೆರೆಯವನ ತೋಟಕ್ಕೆ ಹೋಗಿ ಅಡಿಕೆ ಉದುರಿದೆಯೇ ಎಂದು ಕಣ್ಣಾರೆ ನೋಡಿ ಬರಬಹುದು.

ಅಮೆರಿಕದ ಅಯೋವಾದಲ್ಲಿ ಹೈಬ್ರಿಡ್ ಮೆಕ್ಕೆಜೋಳ ಹರಡಿದ ಬಗೆಯನ್ನು ರಯಾನ್ ಮತ್ತು ಗ್ರಾಸ್ ಎಂಬ ಇಬ್ಬರು ಅಧ್ಯಯನ ಮಾಡಿ 1943ರಲ್ಲಿ ಪ್ರಕಟಿಸಿದ್ದನ್ನು ನೀನು ಕಾಲೇಜಿನಲ್ಲಿ ಓದಿರಬೇಕು. ಅವರು ಮಾತಾಡಿಸಿದ್ದು 259 ರೈತರನ್ನು. ಹೆಚ್ಚಿನವರಿಗೆ ಬೀಜದ ಸುದ್ದಿ ಮುಟ್ಟಿಸಿದ್ದು ಬೀಜ ಮಾರುವವರು, ಆದರೆ ನಂಬಿಕೆ ಹುಟ್ಟಿಸಿದ್ದು ನೆರೆಹೊರೆಯವರು. ಹೆಚ್ಚಿನವರು ಮೊದಲ ವರ್ಷವೇ ಇಡೀ ಹೊಲಕ್ಕೆ ಹಾಕಲಿಲ್ಲ, ಒಂದು ಮೂಲೆಯಲ್ಲಿ ಹಾಕಿ ನೋಡಿದರು. ಹದಿಮೂರು ವರ್ಷಗಳೊಳಗೆ ಇಬ್ಬರನ್ನು ಬಿಟ್ಟು ಎಲ್ಲರೂ ಅದಕ್ಕೆ ಬದಲಾಗಿದ್ದರು. ದೂರದ ಅಯೋವಾದ ರೈತನೂ ನಮ್ಮ ಅಡ್ಯನಡ್ಕದ ರೈತನೂ ಈ ವಿಷಯದಲ್ಲಿ ಒಂದೇ ಜಾತಿ.

ಈಗ ನೀನು ಹೊತ್ತುಕೊಂಡು ಹೋಗುವ ಸಲಹೆಗಳ ಲೆಕ್ಕಕ್ಕೆ ಬಾ. ಅಡಿಕೆ ಮರವೊಂದಕ್ಕೆ ವರ್ಷಕ್ಕೆ ಹನ್ನೆರಡು ಕಿಲೋ ಹಸಿರು ಸೊಪ್ಪು, ಹನ್ನೆರಡು ಕಿಲೋ ಕಾಂಪೋಸ್ಟ್ ಕೊಡಬೇಕೆಂದು ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯಾದ ಸಿಪಿಸಿಆರ್‌ಐ ಶಿಫಾರಸು. ಒಳ್ಳೆಯ ಶಿಫಾರಸು, ನಾನೂ ಒಪ್ಪುತ್ತೇನೆ. ಆದರೆ ಗುಣಿಸಿ ನೋಡು. ಎಕರೆಗೆ ಸುಮಾರು 550 ಮರ ಎಂದರೆ ಆರೂವರೆ ಟನ್ನಿಗಿಂತ ಹೆಚ್ಚು ಸೊಪ್ಪು, ಅಷ್ಟೇ ಕಾಂಪೋಸ್ಟ್. ಹದಿಮೂರು ಟನ್ ಭಾರವನ್ನು ಕಡಿಯುವವರು ಯಾರು, ಹೊರುವವರು ಯಾರು, ಮರದ ಬುಡಕ್ಕೆ ಹಾಕುವವರು ಯಾರು? ಹಿಂದೆ ಮನೆ ತುಂಬ ಜನ ಇದ್ದರು, ಹಟ್ಟಿ ತುಂಬ ದನ ಇತ್ತು. ವರ್ಗ ಜಾಗದ ಗಡಿಯಿಂದ ನೂರು ಗಜದವರೆಗೆ ಕುಮ್ಕಿ ಎಂಬ ಸರಕಾರಿ ಜಾಗ ಇತ್ತು. ಸೊಪ್ಪು, ತರಗೆಲೆ, ಹಟ್ಟಿಗೆ ಹಾಸಲು ಬೇಕಾದದ್ದೆಲ್ಲ ಅಲ್ಲಿಂದಲೇ ಬರುತ್ತಿತ್ತು. ಈಗ ಎಷ್ಟೋ ಕುಮ್ಕಿಯಲ್ಲಿ ರಬ್ಬರು ನಿಂತಿದೆ, ಮನೆ ಎದ್ದಿದೆ. ಮಕ್ಕಳು ಬೆಂಗಳೂರಿನಲ್ಲೋ ದುಬೈಯಲ್ಲೋ ಇದ್ದಾರೆ. ಮನೆಯಲ್ಲಿ ಉಳಿದಿರುವುದು ಅರವತ್ತು ದಾಟಿದ ಗಂಡ ಹೆಂಡತಿ. ಅಂಥ ಮನೆಯವರು ಗೊಬ್ಬರದ ಗೋಣಿ ತರಿಸಿದರೆ ಅದನ್ನು ಅಜ್ಞಾನ ಅನ್ನಬೇಡ. ತಮ್ಮ ಬೆನ್ನಿಗೆ ಎಷ್ಟು ತಾಳುತ್ತದೆ ಎಂದು ಗೊತ್ತಿದ್ದೇ ಅವರು ಹಾಗೆ ಮಾಡುತ್ತಾರೆ.

ಜೀವಾಮೃತದ ಮಾತೂ ಹಾಗೆಯೇ. ಇನ್ನೂರು ಲೀಟರ್ ನೀರಿಗೆ ಹತ್ತು ಕಿಲೋ ಸೆಗಣಿ, ಗೋಮೂತ್ರ, ಎರಡು ಕಿಲೋ ಬೆಲ್ಲ, ಎರಡು ಕಿಲೋ ದ್ವಿದಳ ಧಾನ್ಯದ ಹಿಟ್ಟು, ಒಂದು ಮುಷ್ಟಿ ಮಣ್ಣು. ಹೇಳಲು ಸುಲಭ, ಖರ್ಚೂ ಕಡಿಮೆ. ಆದರೆ ಹಟ್ಟಿಯಲ್ಲಿ ದನವೇ ಇಲ್ಲದ ಮನೆಗೆ ಹೋಗಿ ಇದನ್ನು ವಿವರಿಸಿದರೆ ಅವರು ತಲೆ ಅಲ್ಲಾಡಿಸುತ್ತಾರೆಯೇ ಹೊರತು ಡ್ರಮ್ಮು ತರುವುದಿಲ್ಲ. ದನ ಇರುವ ಮನೆಯಲ್ಲೂ ಸೆಗಣಿ ಬಾಚುವುದು, ಕಲಸುವುದು ಹೆಚ್ಚಾಗಿ ಹೆಂಗಸರ ಪಾಲಿಗೆ ಬರುತ್ತದೆ. ತರಬೇತಿಗೆ ಬಂದು ಮೊದಲ ಸಾಲಿನಲ್ಲಿ ಕೂರುವುದು ಗಂಡಸರು. ಒಪ್ಪಿಗೆ ಕೊಟ್ಟವರು ಒಬ್ಬರು, ದುಡಿಯಬೇಕಾದವರು ಇನ್ನೊಬ್ಬರು ಎಂದಾದರೆ ಆ ಪದ್ಧತಿ ಎಷ್ಟು ದಿನ ನಿಲ್ಲುತ್ತದೆ?

ಹನಿ ನೀರಾವರಿಯದ್ದು ಬೇರೆ ಕಥೆ. ಹತ್ತು ಅಶ್ವಶಕ್ತಿವರೆಗಿನ ಪಂಪಿಗೆ ಕರೆಂಟ್ ಉಚಿತ. ನೀರು ಉಳಿಸಿದ್ದಕ್ಕೆ ಕಿಸೆಗೆ ಒಂದು ರೂಪಾಯಿಯೂ ಬರುವುದಿಲ್ಲ. ಏಪ್ರಿಲಿನಲ್ಲಿ ಬಾವಿಯ ತಳ ಕಾಣುವವರೆಗೆ ಅದರ ಬೆಲೆ ಗೊತ್ತಾಗುವುದಿಲ್ಲ. ಆದ್ದರಿಂದ ಈ ಮಾತನ್ನು ಜುಲೈ ತಿಂಗಳ ಸಭೆಯಲ್ಲಿ ಹೇಳಬೇಡ, ಏಪ್ರಿಲಿನಲ್ಲಿ ಬಾವಿಕಟ್ಟೆಯ ಪಕ್ಕ ನಿಂತು ಹೇಳು. ಮರವೊಂದಕ್ಕೆ ದಿನಕ್ಕೆ ಹದಿನಾರರಿಂದ ಇಪ್ಪತ್ತು ಲೀಟರ್ ಹನಿಯಾಗಿ ಕೊಟ್ಟರೆ ಸಾಕು ಎಂಬ ಅಂಕಿ ಅಂದು ಅವರ ಕಿವಿಗೆ ತಾಗುತ್ತದೆ.

ಇನ್ನು ಮಾರುಕಟ್ಟೆ. ಸಾವಯವ ದೃಢೀಕರಣಕ್ಕೆ ಹೋದರೆ ಅಡಿಕೆ, ತೆಂಗಿನಂಥ ಬಹುವಾರ್ಷಿಕ ಬೆಳೆಗೆ ಮೂರು ವರ್ಷ ಪರಿವರ್ತನೆಯ ಕಾಲ. ಆ ಮೂರು ವರ್ಷ ರಾಸಾಯನಿಕವನ್ನೂ ಬಳಸುವಂತಿಲ್ಲ, ಸಾವಯವ ಎಂದು ಮಾರುವಂತೆಯೂ ಇಲ್ಲ. ಮೂರು ವರ್ಷದ ನಂತರವಾದರೂ ಅಡಿಕೆಗೆ ಹೆಚ್ಚು ದರ ಉಂಟೇ? ಬಂದರಿನ ಅಡಿಕೆ ಮಂಡಿಯಲ್ಲಿ ನೋಡುವುದು ದರ್ಜೆಯನ್ನು, ಹೊಸ ಚಾಲಿಯೋ ಸಿಂಗಲ್ ಚೋಲೋ ಡಬಲ್ ಚೋಲೋ ಎಂದು. ಸೊಪ್ಪು ಹಾಕಿ ಬೆಳೆದದ್ದೋ ಯೂರಿಯ ಹಾಕಿ ಬೆಳೆದದ್ದೋ ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ಈ ಸತ್ಯ ರೈತನಿಗೆ ಗೊತ್ತು. ನೀನು ಅದನ್ನು ಮುಚ್ಚಿಟ್ಟು ‘ಸಾವಯವಕ್ಕೆ ಒಳ್ಳೆಯ ಬೇಡಿಕೆ ಉಂಟು’ ಎಂದು ಮಾತು ಶುರುಮಾಡಿದರೆ, ನಿನ್ನ ಉಳಿದ ಒಳ್ಳೆಯ ಮಾತುಗಳಿಗೂ ಬೆಲೆ ಹೋಗುತ್ತದೆ.

ನಮ್ಮವರು ಮಾತು ನಂಬಿ ಒಮ್ಮೆ ಕೈಸುಟ್ಟುಕೊಂಡವರೂ ಹೌದು. 1970ರ ದಶಕದಲ್ಲಿ ಅಡಿಕೆ ತೋಟದ ನೆರಳಲ್ಲಿ ಕೊಕ್ಕೋ ಬೆಳೆಯಿರಿ ಎಂದು ಉತ್ತೇಜನ ಕೊಟ್ಟರು. ಅದು ನಿಜಕ್ಕೂ ಒಳ್ಳೆಯ ಸಲಹೆ. ಕೊಕ್ಕೋದ ಎಲೆ ಉದುರಿ ಮಣ್ಣಿಗೆ ಹೊದಿಕೆ ಆಗುತ್ತದೆ, ಒಂದೇ ಬೆಳೆಯನ್ನು ನಂಬಿ ಕೂರುವುದು ತಪ್ಪುತ್ತದೆ. ನೀವು ಈಗ ಸುಸ್ಥಿರ ಎನ್ನುವುದರ ಲಕ್ಷಣಗಳೆಲ್ಲ ಅದರಲ್ಲಿದ್ದವು. ರೈತರು ಮನಸ್ಸು ಮಾಡಿ ನೆಟ್ಟರು. ಕಾಯಿ ಬಿಡುವ ಹೊತ್ತಿಗೆ, 1980ರ ಆಸುಪಾಸಿನಲ್ಲಿ, ದರ ಬಿತ್ತು, ಕೊಳ್ಳುವವರು ಹಿಂದೆ ಸರಿದರು. ಎಷ್ಟೋ ಜನ ಗಿಡ ಕಡಿದರು. ಆಗ ಕೈಹಿಡಿದದ್ದು ಮಂಗಳೂರಿನ ಕ್ಯಾಂಪ್ಕೊ. ಅಡಿಕೆ ದರ ಕುಸಿದು ಬೆಳೆಗಾರರು ಕಂಗಾಲಾಗಿದ್ದಾಗ, ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳತ್ವದಲ್ಲಿ ಕರ್ನಾಟಕ, ಕೇರಳದ ಬೆಳೆಗಾರರು ಸೇರಿ 1973ರಲ್ಲಿ ಕಟ್ಟಿದ ಸಹಕಾರ ಸಂಸ್ಥೆ ಅದು. ಅದೇ ಸಂಸ್ಥೆ ಕೊಕ್ಕೋ ಖರೀದಿಗೂ ಇಳಿಯಿತು. 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ಶುರುಮಾಡಿತು. ಇಂದು ನಮ್ಮ ತೋಟಗಳಲ್ಲಿ ಕೊಕ್ಕೋ ಉಳಿದಿದ್ದರೆ ಅದಕ್ಕೆ ಕಾರಣ ಗಿಡ ನೆಡಿಸಿದ ಭಾಷಣಗಳಿಗಿಂತ, ಬಿದ್ದಾಗ ಭಾರ ಹೊತ್ತ ಈ ವ್ಯವಸ್ಥೆ. ಕೊಕ್ಕೋ ಕಡಿದ ರೈತನ ಮಗನೇ ಇಂದು ನಿನ್ನ ಎದುರು ಕೂತಿರುವವನು. ಅವನ ಅನುಮಾನ ಅಪ್ಪನಿಂದ ಬಂದದ್ದು, ಅದಕ್ಕೆ ಗೌರವ ಕೊಡು.

ನಷ್ಟ ಹಣದ್ದಾದರೆ ಹೇಗೋ ತಾಳಬಹುದು. ಎಂಡೋಸಲ್ಫಾನ್ ಕೀಟನಾಶಕದ ವಿಷಯದಲ್ಲಿ ಆದದ್ದು ಅದಕ್ಕಿಂತ ದೊಡ್ಡದು. ಕಾಸರಗೋಡಿನ ಸರಕಾರಿ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ವರ್ಷಗಟ್ಟಲೆ ಅದನ್ನು ಸಿಂಪಡಿಸಿದರು. ನಮ್ಮ ಜಿಲ್ಲೆಯ ಕೊಕ್ಕಡ, ಪಟ್ರಮೆ, ನಿಡ್ಲೆಯ ಕಡೆಯೂ ಅದೇ ನಡೆಯಿತು. ಕೆಳಗೆ ಮನೆ, ಬಾವಿ, ಶಾಲೆ ಇದ್ದವರನ್ನು ಯಾರೂ ಕೇಳಲಿಲ್ಲ. ಪತ್ರಕರ್ತ, ಕೃಷಿಕ ಶ್ರೀ ಪಡ್ರೆಯವರಂಥವರು ಬರೆದರು, ಊರವರು ಹೋರಾಡಿದರು. ಸುಪ್ರೀಂ ಕೋರ್ಟ್ ದೇಶದಾದ್ಯಂತ ಅದನ್ನು ನಿಲ್ಲಿಸಿದ್ದು 2011ರ ಮೇ ತಿಂಗಳಲ್ಲಿ. ಅಷ್ಟರೊಳಗೆ ಎಷ್ಟೋ ಮಕ್ಕಳ ಬದುಕು ಹಾಳಾಗಿತ್ತು. ವಿಷ ಕಡಿಮೆ ಮಾಡಬೇಕೆಂಬ ನಿನ್ನ ಹಂಬಲ ಎಷ್ಟು ಸರಿ ಎಂಬುದಕ್ಕೆ ಕೊಕ್ಕಡಕ್ಕಿಂತ ದೊಡ್ಡ ಸಾಕ್ಷಿ ಬೇಡ. ಆದರೆ ಅದೇ ಊರು ಇನ್ನೊಂದು ಪಾಠವನ್ನೂ ಹೇಳುತ್ತದೆ. ನೆಲದಲ್ಲಿ ಬದುಕುವವರನ್ನು ಕೇಳದೆ ಮೇಲಿನಿಂದ ಇಳಿಸುವ ಯಾವುದೂ ಒಳ್ಳೆಯದಾಗುವುದಿಲ್ಲ. ಮೇಲಿನಿಂದ ಇಳಿಯುವುದು ವಿಷವಾದರೂ ಅಷ್ಟೇ, ಸಾವಯವವಾದರೂ ಅಷ್ಟೇ.

ಸಾವಯವವಾದರೂ ಅಷ್ಟೇ ಎಂಬ ಮಾತು ನಿನಗೆ ಕಟುವಾಗಿ ಕೇಳಬಹುದು. ಶ್ರೀಲಂಕಾವನ್ನು ನೋಡು. 2021ರಲ್ಲಿ ಸರಕಾರ ಒಮ್ಮೆಲೇ ರಾಸಾಯನಿಕ ಗೊಬ್ಬರದ ಆಮದು ನಿಲ್ಲಿಸಿತು. ರೈತರಿಗೆ ಬದಲಿ ಗೊಬ್ಬರ ಇರಲಿಲ್ಲ, ಕಲಿಯಲು ಸಮಯ ಇರಲಿಲ್ಲ. ಭತ್ತ, ಚಹಾ ಎರಡೂ ಕುಸಿದವು. ಅದೇ ವರ್ಷ ನವೆಂಬರಿನೊಳಗೆ ಆಜ್ಞೆಯನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಾಯಿತು. ನಮ್ಮದೇ ಸಿಕ್ಕಿಂ 2003ರಲ್ಲಿ ಹೊರಟು 2016ರಲ್ಲಿ ಸಂಪೂರ್ಣ ಸಾವಯವ ರಾಜ್ಯ ಎನಿಸಿಕೊಂಡಿತು. ಹದಿಮೂರು ವರ್ಷ ಹಂತಹಂತವಾಗಿ ಹೆಜ್ಜೆ ಇಡುತ್ತಾ ಬಂತು. ನಮ್ಮ ರಾಜ್ಯವೂ 2004ರಷ್ಟು ಹಿಂದೆಯೇ ಸಾವಯವ ಕೃಷಿ ನೀತಿ ತಂದಿದೆ. ಹಾಗಾಗಿ ಕಾಗದದಲ್ಲಿ ನೀತಿಗೆ ಕೊರತೆ ಇಲ್ಲ. ಆ ನೀತಿಯನ್ನು ಒಂದೊಂದು ಮನೆಯ ಲೆಕ್ಕಕ್ಕೆ ಹೊಂದಿಸುವವರು ಬೇಕು, ನಿನ್ನ ಕೆಲಸ ಇರುವುದು ಅಲ್ಲಿ.

ಯಾವ ವ್ಯವಸ್ಥೆಯೂ ಜೊತೆಗಿಲ್ಲದೆ ಮಾಡಿ ತೋರಿಸಿದವರು ಇಲ್ಲವೇ ಎಂದು ನೀನು ಕೇಳಬಹುದು. ಇದ್ದಾರೆ, ನಮ್ಮ ನಡುವೆಯೇ ಇದ್ದಾರೆ. ಅಡ್ಯನಡ್ಕದ ಅಮೈ ಮಹಾಲಿಂಗ ನಾಯ್ಕರು ಇನ್ನೊಬ್ಬರ ತೋಟದಲ್ಲಿ ಕೂಲಿ ಮಾಡುತ್ತಿದ್ದವರು. ಸಿಕ್ಕಿದ್ದು ಎರಡು ಎಕರೆ ಬೋಳುಗುಡ್ಡ. ಕೆಲಸ ಮುಗಿಸಿ ಬಂದು ರಾತ್ರಿ ಒಬ್ಬರೇ ನೀರಿಗಾಗಿ ಗುಡ್ಡದೊಳಗೆ ಸುರಂಗ ಕೊರೆದರು. ಒಂದರ ಹಿಂದೆ ಒಂದು ಸುರಂಗ ಒಣಗಿಯೇ ಉಳಿಯಿತು. ಆಮೇಲೆ ನೀರು ಬಂತು. ಆ ನೀರು ಪಂಪಿಲ್ಲದೆ ಇಳಿಜಾರಿನಲ್ಲಿ ಹರಿದು ಇಂದು ಅಡಿಕೆ, ತೆಂಗು, ಬಾಳೆ ಬೆಳೆಸುತ್ತಿದೆ. 2022ರಲ್ಲಿ ಪದ್ಮಶ್ರೀ ಬಂತು. ಜನ ಅವರ ಛಲವನ್ನು ಹೊಗಳುತ್ತಾರೆ, ಹೊಗಳಬೇಕಾದ್ದೇ. ಆದರೆ ಇನ್ನೊಂದನ್ನೂ ಗಮನಿಸು. ಆ ನೆಲ ಅವರದಾಗಿತ್ತು. ಕೊರೆದ ಸುರಂಗದ ನೀರನ್ನು ನಾಳೆ ಯಾರೋ ಬಂದು ಕಸಿಯುತ್ತಾರೆ ಎಂಬ ಭಯ ಇರಲಿಲ್ಲ. 1974ರ ಭೂಸುಧಾರಣೆಯ ನಂತರ ನಮ್ಮ ಜಿಲ್ಲೆಯಲ್ಲಿ ಗೇಣಿ ಒಕ್ಕಲುಗಳಾಗಿದ್ದ ಎಷ್ಟೋ ಮನೆಗಳು ತೋಟ ಎಬ್ಬಿಸಿದ್ದರ ಹಿಂದೆಯೂ ಇದೇ ಧೈರ್ಯ ಇದೆ. ಈಗಲೂ ಬೈಲಿನಲ್ಲಿ ಬೇರೆಯವರ ಗದ್ದೆಯನ್ನು ಒಂದು ವರ್ಷದ ಬಾಯಿಮಾತಿನ ಮೇಲೆ ಮಾಡುವವರಿದ್ದಾರೆ. ಐದು ವರ್ಷಕ್ಕೆ ಫಲ ಕೊಡುವ ಮಣ್ಣಿನ ಕೆಲಸವನ್ನು ಅವರಿಗೆ ಹೇಳುವ ಮೊದಲು, ಐದು ವರ್ಷ ಆ ಗದ್ದೆ ಅವರ ಕೈಯಲ್ಲಿ ಇರುವ ದಾರಿಯನ್ನು ಗದ್ದೆಯ ಯಜಮಾನರ ಹತ್ತಿರ ಮಾತಾಡು. ಆ ಯಜಮಾನರು ಹೆಚ್ಚಾಗಿ ಮಂಗಳೂರಿನ ಫ್ಲಾಟುಗಳಲ್ಲೇ ಸಿಗುತ್ತಾರೆ.

ಕಾಸರಗೋಡಿನ ಸತ್ಯನಾರಾಯಣ ಬೇಳೇರಿಯವರದು ಇನ್ನೊಂದು ದಾರಿ. ಕೃಷಿಕ ಚೇರ್ಕಾಡಿ ರಾಮಚಂದ್ರ ರಾಯರಿಂದ ಸಿಕ್ಕಿದ ಒಂದು ಮುಷ್ಟಿ ‘ರಾಜಕಯಮೆ’ ಭತ್ತದಿಂದ ಹೊರಟವರು, ಇಂದು ಅವರ ಹತ್ತಿರ 650ಕ್ಕೂ ಹೆಚ್ಚು ತಳಿಗಳಿವೆ. ದೊಡ್ಡ ಗದ್ದೆ ಇಲ್ಲದಿದ್ದರೂ ಚೀಲಗಳಲ್ಲಿ ಮಣ್ಣು ತುಂಬಿ ಒಂದೊಂದು ತಳಿಯನ್ನು ಉಳಿಸಿಕೊಂಡು ಬಂದರು. 2024ರಲ್ಲಿ ಅವರಿಗೂ ಪದ್ಮಶ್ರೀ ಸಂದಿತು. ಚೀಲದಲ್ಲಿ ಸೋತರೆ ಹೋಗುವುದು ಒಂದು ಚೀಲ. ಹೊಸ ಪ್ರಯೋಗಕ್ಕೆ ಇದಕ್ಕಿಂತ ಒಳ್ಳೆಯ ಅಳತೆ ನನಗೆ ಕಾಣುವುದಿಲ್ಲ.

ಮೂರನೆಯದು ಒಬ್ಬರ ಕಥೆಯಲ್ಲ. 1982ರಲ್ಲಿ ಶುರುವಾದ ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯಲ್ಲಿ ಪ್ರಗತಿಬಂಧು ಎಂಬ ತಂಡಗಳು ಹುಟ್ಟಿಕೊಂಡವು. ಐದಾರು ಸಣ್ಣ ರೈತರು ಸೇರಿ ವಾರಕ್ಕೊಂದು ದಿನ ಸರದಿಯಂತೆ ಒಬ್ಬೊಬ್ಬರ ಜಾಗದಲ್ಲಿ ದುಡಿಯುವುದು ಕ್ರಮ. ಒಬ್ಬನಿಗೆ ಬೆಟ್ಟದಂಥ ಕೆಲಸ ತಂಡಕ್ಕೆ ಒಂದು ದಿನದ ಕೆಲಸ. ತೋಡಿಗೆ ಕಟ್ಟ ಹಾಕುವುದೂ ನಮ್ಮಲ್ಲಿ ಹೀಗೆಯೇ ನಡೆದುಕೊಂಡು ಬಂದದ್ದು. ಮಳೆ ನಿಂತ ಮೇಲೆ ತೋಡಿನ ಎರಡೂ ಕಡೆಯವರು ಸೇರಿ ಕಲ್ಲು, ಮಣ್ಣು, ಸೊಪ್ಪಿನಿಂದ ಕಟ್ಟ ಕಟ್ಟುತ್ತಿದ್ದರು, ಕೆಳಗಿನ ಬಾವಿಗಳೆಲ್ಲ ಬೇಸಗೆಯವರೆಗೆ ಜೀವ ಹಿಡಿಯುತ್ತಿದ್ದವು. ಕಟ್ಟಕ್ಕೆ ಒಬ್ಬನ ಮನಸ್ಸು ಸಾಲದು, ತೋಡಿನ ಉದ್ದಕ್ಕೂ ಇರುವ ಹತ್ತು ಮನೆಯ ಮನಸ್ಸು ಬೇಕು. ಅಲ್ಲಿ ಒಬ್ಬೊಬ್ಬರಿಗೆ ಬುದ್ಧಿ ಹೇಳುವುದಕ್ಕಿಂತ ಹತ್ತು ಮನೆಯವರನ್ನು ಒಂದು ಜಗಲಿಯಲ್ಲಿ ಕೂರಿಸುವುದು ಮುಖ್ಯ.

ಇಷ್ಟು ಹೇಳಿದ ಮೇಲೆ ನೀನು ಏನು ಮಾಡಬೇಕು ಎಂಬ ಮಾತಿಗೆ ಬರುತ್ತೇನೆ.

ಮೊದಲ ಭೇಟಿಯಲ್ಲಿ ಸಲಹೆ ಕೊಡಬೇಡ, ಲೆಕ್ಕ ಕೇಳು. ಕಳೆದ ವರ್ಷ ಗೊಬ್ಬರಕ್ಕೆ ಎಷ್ಟು ಹೋಯಿತು, ಮದ್ದಿಗೆ ಎಷ್ಟು, ಆಳಿಗೆ ಎಷ್ಟು, ಸೊಸೈಟಿಯ ಬೆಳೆಸಾಲ ಕಟ್ಟುವ ತಿಂಗಳು ಯಾವುದು. ಅವರು ಹೇಳಲು ಇಷ್ಟಪಟ್ಟಷ್ಟನ್ನೇ ಬರೆದುಕೋ. ಎಲ್ಲಿ ಖರ್ಚು ಜಾಸ್ತಿ, ಎಲ್ಲಿ ಬೆನ್ನು ನೋಯುತ್ತದೆ ಎಂದು ತಿಳಿದರೆ ಯಾವ ಸುಸ್ಥಿರ ಪದ್ಧತಿ ಆ ಮನೆಗೆ ಹೊಂದುತ್ತದೆ ಎಂದು ತಾನಾಗಿ ಗೊತ್ತಾಗುತ್ತದೆ. ಆಳಿಲ್ಲದ ಮನೆಗೆ ಆಳು ಬೇಡುವ ಪದ್ಧತಿ ಒಯ್ಯಬೇಡ. ಅಡಿಕೆ ತೋಟವೇ ವರ್ಷಕ್ಕೆ ಹೆಕ್ಟೇರಿಗೆ ಐದಾರು ಟನ್ ಸೋಗೆ, ಹಾಳೆ ಉದುರಿಸುತ್ತದೆ. ಹೊರಗಿನಿಂದ ಸೊಪ್ಪು ಹೊರಲಾಗದವರಿಗೆ ಅದನ್ನೇ ಮರದ ಬುಡಕ್ಕೆ ಹೊದಿಸುವುದು, ಕೈಲಾದವರಿಗೆ ಅದರಿಂದಲೇ ಎರೆಗೊಬ್ಬರ ಮಾಡುವುದು ಹೇಳಿಕೊಡು.

ಇಡೀ ತೋಟವನ್ನು ಕೇಳಬೇಡ, ಒಂದು ಸಾಲು ಮರ ಕೇಳು. ಪಕ್ಕದ ಸಾಲು ಅವರ ಪದ್ಧತಿಯಲ್ಲೇ ಇರಲಿ. ಮರಕ್ಕೆ ಬಣ್ಣದ ಗುರುತು ಹಾಕಿ, ಎರಡೂ ಸಾಲಿನ ಖರ್ಚು, ಕೊಯ್ಲು ಬರೆದಿಡಲು ಮನೆಯ ಮಕ್ಕಳಿಗೆ ಹೇಳು. ಮೂರು ವರ್ಷದ ಆ ಪುಸ್ತಕ ನಿನ್ನ ನೂರು ಭಾಷಣಕ್ಕಿಂತ ಹೆಚ್ಚು ಮಾತಾಡುತ್ತದೆ.

ಮಣ್ಣಿನಿಂದ ಶುರುಮಾಡು. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಮುರಮಣ್ಣು ನಮ್ಮದು. ಪೋಷಕಾಂಶ ತೊಳೆದು ಹೋಗಿ ಮಣ್ಣು ಹುಳಿಯಾಗುತ್ತದೆ. ಅಲ್ಲಿ ಗೊಬ್ಬರ ಸುರಿಯುವುದಕ್ಕಿಂತ ಮೊದಲು ಸುಣ್ಣ ಬೇಕು, ಹೊದಿಕೆ ಬೇಕು. ಮಣ್ಣು ಪರೀಕ್ಷೆ ಮಾಡಿಸಿ, ಬೇಡದ ಗೊಬ್ಬರ ಬಿಡಿಸಿದರೆ ಅದೇ ವರ್ಷ ದುಡ್ಡು ಉಳಿಯುತ್ತದೆ. ಮೊದಲ ಉಳಿತಾಯವೇ ಎರಡನೆಯ ಹೆಜ್ಜೆಗೆ ಧೈರ್ಯ ಕೊಡುವುದು.

ಶುದ್ಧಾಶುದ್ಧದ ಹಠ ಹಿಡಿಯಬೇಡ. ಎಲೆಚುಕ್ಕೆ ರೋಗ ತೋಟಕ್ಕೆ ತೋಟವನ್ನೇ ಒಣಗಿಸುತ್ತಿರುವ ಕಾಲ ಇದು. ಸಂಪಾಜೆ, ಅರಂತೋಡಿನ ಕಡೆ ಹಳದಿ ಎಲೆ ರೋಗದಿಂದ ತೋಟ ಕಳೆದುಕೊಂಡವರಿದ್ದಾರೆ. ಅಂಥವರ ಎದುರು ಮದ್ದೇ ಮುಟ್ಟಬೇಡಿ ಎಂದು ಉಪದೇಶ ಮಾಡುವುದು ಕ್ರೂರತನ. ಎಷ್ಟು ಬೇಕೋ ಅಷ್ಟೇ, ಯಾವಾಗ ಬೇಕೋ ಆಗಲೇ ಹೊಡೆಯುವುದನ್ನು ಕಲಿಸಿದರೂ ನೀನು ಮಣ್ಣಿಗೆ ಉಪಕಾರ ಮಾಡಿದ ಹಾಗೆ. ಒಂದೇ ಬೆಳೆಯನ್ನು ನಂಬದ ಹಾಗೆ ಕಾಳುಮೆಣಸು, ಕೊಕ್ಕೋ, ಬಾಳೆ, ಜಾಯಿಕಾಯಿ ಸೇರಿಸುವ ಮಾತು ರೋಗ ಕಂಡವರಿಗೆ ಬೇಗ ಅರ್ಥವಾಗುತ್ತದೆ.

ರೈತರ ಬಾಯಿಯಿಂದಲೇ ರೈತರಿಗೆ ಹೇಳಿಸು. 1988ರಿಂದ ಪುತ್ತೂರಿನ ‘ಅಡಿಕೆ ಪತ್ರಿಕೆ’ ಮಾಡಿಕೊಂಡು ಬಂದದ್ದು ಇದೇ ಕೆಲಸ, ಲೇಖನಿಯನ್ನು ಕೃಷಿಕರ ಕೈಗೆ ಕೊಟ್ಟಿತು. ಆಂಧ್ರದಲ್ಲಿ 2016ರಿಂದ ನಡೆಯುತ್ತಿರುವ ಸಮುದಾಯ ನೈಸರ್ಗಿಕ ಕೃಷಿಯೂ ಮಹಿಳಾ ಸಂಘಗಳನ್ನು ಹಿಡಿದು, ಮಾಡಿ ಗೆದ್ದ ರೈತರನ್ನೇ ಊರೂರಿಗೆ ಕಳುಹಿಸುತ್ತದೆ. ನಿನ್ನ ಜಾಗ ವೇದಿಕೆಯ ಮೇಲಲ್ಲ. ಕೇಪುವಿನ ರೈತನನ್ನು ಕನ್ಯಾನದ ತೋಟಕ್ಕೆ ಕರೆದುಕೊಂಡು ಹೋಗುವ ಜೀಪಿನಲ್ಲಿ ಅದು ಇರಲಿ.

ಇನ್ನು ನಮ್ಮ ಮಂಗಳೂರಿಗೆ ಒಂದು ಮಾತು, ಯಾಕೆಂದರೆ ನಷ್ಟದ ಪಾಲು ಹೊರಬೇಕಾದವರಲ್ಲಿ ನಾವೂ ಸೇರಿದ್ದೇವೆ. ಇಲ್ಲಿನ ಮಾರ್ಕೆಟ್ಟಿನಲ್ಲಿ ಊರ ಬೆಂಡೆ, ಊರ ಹರಿವೆ, ಬಸಳೆಗೆ ಇಂದಿಗೂ ಘಟ್ಟದ ತರಕಾರಿಗಿಂತ ಹೆಚ್ಚು ಬೆಲೆ ಕೊಟ್ಟು ಕೊಳ್ಳುವವರಿದ್ದಾರೆ. ಮಟ್ಟುಗುಳ್ಳವನ್ನು ಹೆಸರು ಹಿಡಿದು ಕೇಳುತ್ತಾರೆ. 2011ರಲ್ಲಿ ಅದಕ್ಕೆ ಭೌಗೋಳಿಕ ಮಾನ್ಯತೆಯೂ ಸಿಕ್ಕಿತು. ಸಾವಯವ ಕೃಷಿಕ ಗ್ರಾಹಕ ಬಳಗದವರು ನಗರದಲ್ಲಿ ನಡೆಸುತ್ತಾ ಬಂದ ಭಾನುವಾರದ ಸಂತೆಯಲ್ಲಿ ಬೆಳೆದವರೂ ಉಣ್ಣುವವರೂ ಮುಖ ನೋಡಿ ಮಾತಾಡಬಹುದು. ಅಡಿಕೆಗೆ ಸಿಗದ ಸಾವಯವ ಬೆಲೆ ಅಕ್ಕಿಗೆ, ತರಕಾರಿಗೆ, ಹಲಸಿಗೆ ಸಿಗುವ ಜಾಗ ಇದು. ನಿನ್ನ ರೈತರನ್ನು ಇಲ್ಲಿಗೆ ಒಮ್ಮೆ ಕರೆದುಕೊಂಡು ಬಾ. ನಿನ್ನ ಫ್ಲಾಟಿನ ನೆರೆಯವರಿಗೆ, ಒಂದು ಮನೆಯ ಕುಚ್ಚಲಕ್ಕಿಯನ್ನು ಮಳೆಗಾಲದ ಏಣೆಲು ನಾಟಿಯ ಹೊತ್ತಿಗೇ ಮುಂಗಡ ಕೊಟ್ಟು ಗೊತ್ತುಮಾಡಿಕೊಳ್ಳಲು ಹೇಳು. ಮುಂಗಡ ಕೊಟ್ಟವನು ನಷ್ಟದಲ್ಲಿ ಪಾಲು ತೆಗೆದುಕೊಂಡ ಹಾಗೆ.

ನಗರಕ್ಕೆ ಇನ್ನೂ ಒಂದು ಋಣ ಉಂಟು. 2019ರ ಆಗಸ್ಟಿನ ಮಳೆಗೆ ಪಚ್ಚನಾಡಿಯ ಕಸದ ಗುಡ್ಡ ಜಾರಿ ಮಂದಾರದ ಅಡಿಕೆ, ತೆಂಗಿನ ತೋಟಗಳ ಮೇಲೆ ಬಂತು. ತಲೆಮಾರುಗಳಿಂದ ಮಣ್ಣು ಕಾಪಾಡಿದ್ದ ಮನೆಗಳು ಕಣ್ಣೆದುರೇ ಹೂತುಹೋದವು. ಅದು ನಾವು ದಿನಾ ಚೀಲ ಕಟ್ಟಿ ಹೊರಗಿಟ್ಟ ಕಸ. ಹಸಿಕಸವನ್ನು ಬೇರೆ ಮಾಡಿ ಗೊಬ್ಬರ ಮಾಡದ ನಗರಕ್ಕೆ, ರೈತನಿಗೆ ಮಣ್ಣಿನ ಪಾಠ ಹೇಳುವ ಅಧಿಕಾರ ಎಲ್ಲಿಂದ ಬರಬೇಕು? ಮೊದಲು ನಮ್ಮ ಅಡುಗೆಮನೆಯ ಬುಟ್ಟಿಯನ್ನು ಸರಿಮಾಡಿಕೊಂಡು, ಆಮೇಲೆ ಬಸ್ಸು ಹತ್ತು.

ಕೊನೆಯದಾಗಿ ಒಂದು ಮಾತು, ಇದನ್ನು ಮಾತ್ರ ಮರೆಯಬೇಡ. ನಿನ್ನ ಸಲಹೆ ಐದು ಮನೆಯಲ್ಲಿ ಗೆದ್ದು ಒಂದು ಮನೆಯಲ್ಲಿ ಸೋಲುತ್ತದೆ ಎಂದಿಟ್ಟುಕೋ. ಗೆದ್ದ ಮನೆಗಳಿಗೆ ಫೋಟೋ ತೆಗೆಯಲು ಎಲ್ಲರೂ ಬರುತ್ತಾರೆ, ನೀನು ಹೋಗದಿದ್ದರೂ ನಡೆಯುತ್ತದೆ. ಸೋತ ಮನೆಗೆ ನೀನೇ ಹೋಗು, ಅದೂ ಆ ವಾರವೇ. ಏನಾಯಿತೆಂದು ಅವರ ಜೊತೆ ತೋಟದಲ್ಲಿ ನಡೆದು ನೋಡು. ಬೆಳೆವಿಮೆಯ ಅರ್ಜಿ ಬರೆಯಬೇಕಿದ್ದರೆ ಕೂತು ಬರೆದುಕೊಡು. ಸೊಸೈಟಿಯಲ್ಲಿ ಮಾತಾಡಬೇಕಿದ್ದರೆ ಅವರ ಜೊತೆ ಹೋಗು. ನಾಲ್ಕು ದಿನ ಬೈಸಿಕೊಂಡರೂ ಪರವಾಗಿಲ್ಲ. ‘ಆ ಹುಡುಗಿ ನಷ್ಟ ಆದಾಗಲೂ ಬಂದಿದ್ದಳು’ ಎಂಬ ಮಾತು ಒಂದು ಊರಿನಲ್ಲಿ ಹುಟ್ಟಿದರೆ, ಮುಂದಿನ ಮಳೆಗಾಲಕ್ಕೆ ಮೊದಲು ಅಲ್ಲಿಯ ರೈತರೇ ನಿನಗೆ ಫೋನು ಮಾಡುತ್ತಾರೆ. ಅವರು ಕರೆದ ದಿನ ತಡಮಾಡದೆ ಹೋಗು. ನಿನಗೆ ಒಳ್ಳೆಯದಾಗಲಿ.

ನಿನ್ನ
ದೊಡ್ಡಪ್ಪ